ಸ್ಮಾರ್ಟ್ ಸಾಧನ ತಯಾರಿಸುವ, ಬಳಸುವ ಉದ್ಯಮಗಳಿಗೆ ಕಾನೂನಿನ ಮಾರ್ಗದರ್ಶಿ: ಸರ್ಕ್ಯೂಟ್ ಬೋರ್ಡ್ ಅಚ್ಚಾಗುವ ಮೊದಲೇ ಮಾಡಬೇಕಾದ ಕೆಲಸಗಳು

ತೋಟದ ಪಂಪ್‌ಸೆಟ್ಟಿಗೆ ಅಳವಡಿಸುವ ಮೊಬೈಲ್ ಸ್ಟಾರ್ಟರ್ ಇಂದು ಕರ್ನಾಟಕದ ರೈತರಿಗೆ ಹೊಸ ವಸ್ತುವಲ್ಲ. ಒಳಗೊಂದು ಸಿಮ್, ಕೆಲವು ರಿಲೇಗಳು, ವೋಲ್ಟೇಜ್ ಅಳೆಯುವ ಬಿಡಿಭಾಗಗಳು, ದೂರದಲ್ಲೊಂದು ಸರ್ವರ್, ರೈತರ ಫೋನಿನಲ್ಲೊಂದು ಆ್ಯಪ್ ಸೇರಿದರೆ ಸಾಧನ ಸಿದ್ಧ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅದೇ ಪೆಟ್ಟಿಗೆ ಏಕಕಾಲಕ್ಕೆ ನಿಸ್ತಂತು ಉಪಕರಣ, ವಿದ್ಯುತ್ ಉಪಕರಣ, ದೂರಸಂಪರ್ಕ ಸೇವೆಯ ಒಂದು ತುದಿ, ವೈಯಕ್ತಿಕ ದತ್ತಾಂಶ ಸಂಗ್ರಹಿಸುವ ಯಂತ್ರ, ಗ್ರಾಹಕ ಸರಕು, ಮತ್ತು ಮುಂದೊಂದು ದಿನ ಇ-ತ್ಯಾಜ್ಯ. ಈ ಒಂದೊಂದಕ್ಕೂ ಬೇರೆ ಬೇರೆ ಕಾಯ್ದೆ, ಬೇರೆ ಬೇರೆ ಇಲಾಖೆ.

ಹಳೆಯ ಸ್ಟಾರ್ಟರ್ ಮಾರಿದವರ ಕೆಲಸ ವಾರಂಟಿಯೊಂದಿಗೆ ಬಹುಮಟ್ಟಿಗೆ ಮುಗಿಯುತ್ತಿತ್ತು. ಸ್ಮಾರ್ಟ್ ಸಾಧನ ಮಾರಿದವರು ಅದು ನಡೆಯುವಷ್ಟು ಕಾಲವೂ ಅದರೊಂದಿಗೆ ಸಂಪರ್ಕದಲ್ಲಿರುತ್ತಾರೆ: ಅದರ ಸಾಫ್ಟ್‌ವೇರ್ ಬದಲಿಸಬಲ್ಲರು, ಅದು ಕಳುಹಿಸುವ ಮಾಹಿತಿಯನ್ನು ಓದಬಲ್ಲರು, ಬೇಕೆಂದರೆ ಅದನ್ನು ನಿಲ್ಲಿಸಬಲ್ಲರು. ಇಷ್ಟು ಅಧಿಕಾರ ಕೈಯಲ್ಲಿರುವಾಗ ಹೊಣೆಯೂ ಕೈಯಲ್ಲೇ ಉಳಿಯುತ್ತದೆ. ಹಾಗಾಗಿ ಕಾನೂನಿನ ಕೆಲಸವನ್ನು ಮಾರುಕಟ್ಟೆಗೆ ಬಿಡುವ ಹಿಂದಿನ ವಾರಕ್ಕೆ ಇಟ್ಟುಕೊಳ್ಳುವುದು ದುಬಾರಿ ಅಭ್ಯಾಸ. ಬೋರ್ಡ್ ಅಚ್ಚಾದ ಮೇಲೆ ಬದಲಿಸಲಾಗದವು ಮೊದಲು, ಕಾಗದದಲ್ಲಿ ತಿದ್ದಬಹುದಾದವು ನಂತರ ಎಂಬ ಕ್ರಮದಲ್ಲಿ ಮುಂದಿನ ಹಂತಗಳನ್ನು ಜೋಡಿಸಿದ್ದೇನೆ. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಸಣ್ಣ ಘಟಕ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮೊಬೈಲ್ ಸ್ಟಾರ್ಟರನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಸಾಧನ ತಯಾರಿಸದೆ ಕೇವಲ ಬಳಸುವ ಸಂಸ್ಥೆಗಳು ನೇರವಾಗಿ ಹತ್ತನೆಯ ಹಂತಕ್ಕೆ ಹೋಗಬಹುದು.

ಹಂತ 1: ದತ್ತಾಂಶ ಮತ್ತು ಆದೇಶ ಸಾಗುವ ದಾರಿಯ ನಕ್ಷೆ ಬರೆಯಿರಿ

ವಕೀಲರನ್ನು ಕಾಣುವ ಮೊದಲು ಎಂಜಿನಿಯರುಗಳನ್ನೂ ಮಾರಾಟ ವಿಭಾಗದವರನ್ನೂ ಒಟ್ಟಿಗೆ ಕೂರಿಸಿ. ಸಾಧನ ಯಾವ ಮಾಹಿತಿಯನ್ನು ಕಳುಹಿಸುತ್ತದೆ, ಅದು ಯಾವ ತರಂಗಾಂತರದಲ್ಲಿ, ಯಾರ ಜಾಲದ ಮೂಲಕ, ಯಾವ ದೇಶದ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ಎಷ್ಟು ಕಾಲ ಉಳಿಯುತ್ತದೆ, ಅದನ್ನು ಯಾರು ನೋಡಬಲ್ಲರು, ಸಾಧನಕ್ಕೆ ಆದೇಶವನ್ನು ಯಾರು ಕೊಡಬಲ್ಲರು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆಯಿಸಿ. ಕೊನೆಯ ಪ್ರಶ್ನೆಯೇ ಹೆಚ್ಚು ತೂಕದ್ದು. ಮಾಹಿತಿ ಸೋರಿದರೆ ಗೋಪ್ಯತೆಗೆ ಹಾನಿ; ತಪ್ಪು ಆದೇಶ ತಲುಪಿದರೆ ಮೋಟರ್ ತಿರುಗುತ್ತದೆ, ಬೀಗ ತೆರೆಯುತ್ತದೆ, ಜೀವಕ್ಕೆ ಅಪಾಯ ಬರುತ್ತದೆ. ಮಾಡ್ಯೂಲ್ ತಯಾರಕರು, ಬೋರ್ಡ್ ಜೋಡಿಸುವವರು, ಕ್ಲೌಡ್ ಸಂಸ್ಥೆ, ಆ್ಯಪ್ ಬರೆದವರು, ಮೊಬೈಲ್ ಕಂಪನಿ, ಡೀಲರ್, ತೋಟಕ್ಕೆ ಹೋಗಿ ಅಳವಡಿಸುವ ಎಲೆಕ್ಟ್ರಿಷಿಯನ್ ಎಲ್ಲರ ಹೆಸರೂ ಈ ನಕ್ಷೆಯಲ್ಲಿರಲಿ. ಮುಂದಿನ ಎಲ್ಲ ಹಂತಗಳಿಗೂ ಇದೇ ಆಧಾರ.

ಹಂತ 2: ತರಂಗಾಂತರವನ್ನು ಮೊದಲು ಖಚಿತಪಡಿಸಿಕೊಳ್ಳಿ

ಭಾರತದಲ್ಲಿ ನಿಸ್ತಂತು ಸಾಧನಗಳಿಗೆ ಅನುಮೋದನೆ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ವೈಫೈ ಮತ್ತು ಬ್ಲೂಟೂತ್ ನಡೆಯುವ 2.4 ಗಿಗಾಹರ್ಟ್ಸ್ ತರಂಗಪಟ್ಟಿ (ಬ್ಯಾಂಡ್), 5 ಗಿಗಾಹರ್ಟ್ಸ್‌ನ ನಿಗದಿತ ಭಾಗಗಳು, ದೂರದ ಸೆನ್ಸರ್‌ಗಳಿಗೆ ಬಳಸುವ 865ರಿಂದ 868 ಮೆಗಾಹರ್ಟ್ಸ್ ಪಟ್ಟಿ, ಇವುಗಳಿಗೆ ನಿಗದಿತ ಶಕ್ತಿಮಿತಿಯೊಳಗೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಅನುಮೋದನೆಯೂ ಬೇಡವೆಂದಲ್ಲ. ಮಾದರಿಯ ಪ್ರಯೋಗಾಲಯ ವರದಿಯೊಂದಿಗೆ ಇಟಿಎ ಎಂದು ಕರೆಯುವ ಉಪಕರಣ ಮಾದರಿ ಅನುಮೋದನೆಯನ್ನು ಪಡೆಯಲೇಬೇಕು. ಈ ಪಟ್ಟಿಗಳ ಬಹುತೇಕ ಸಾಧನಗಳಿಗೆ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಸ್ವಯಂಘೋಷಣೆಯ ಮೂಲಕ ಅದು ಸಿಗುತ್ತದೆ.

ಆನ್‌ಲೈನ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಹಲವು ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸಂದೇಶ ಕಳುಹಿಸುವ ನಿಸ್ತಂತು ತಂತ್ರ) ಮಾಡ್ಯೂಲ್‌ಗಳು ಅಮೆರಿಕದ 915 ಮೆಗಾಹರ್ಟ್ಸ್‌ಗೆ ಹೊಂದಿಸಿದವು, ಮತ್ತು ಇಲ್ಲಿ ಆ ಪಟ್ಟಿ ಲೈಸೆನ್ಸ್‌ಮುಕ್ತವಲ್ಲ. ಮಾಡ್ಯೂಲ್ ಮೇಲೆ ಅಮೆರಿಕದ ಎಫ್‌ಸಿಸಿ ಅಥವಾ ಯುರೋಪಿನ ಸಿಇ ಗುರುತು ಇದ್ದರೆ ಭಾರತದಲ್ಲಿ ಅನುಮತಿ ಸಿಕ್ಕಂತೆಯೂ ಅಲ್ಲ. ಮಾಡ್ಯೂಲ್ ಬದಲಾದರೆ ಆಂಟೆನಾ ಬದಲಾಗುತ್ತದೆ, ಬೋರ್ಡ್ ಬದಲಾಗುತ್ತದೆ, ಪರೀಕ್ಷೆಯ ಖರ್ಚು ಮತ್ತೆ ಬರುತ್ತದೆ. ಆದ್ದರಿಂದ ಮಾಡ್ಯೂಲ್ ಆರ್ಡರ್ ಮಾಡುವ ಮುನ್ನ ಅದರ ತರಂಗಾಂತರ, ಶಕ್ತಿ ಮತ್ತು ಭಾರತೀಯ ಇಟಿಎ ಪ್ರತಿಯನ್ನು ಪೂರೈಕೆದಾರರಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ಹಂತ 3: ಸಿಮ್ ಇರುವ ಸಾಧನವಾದರೆ ಎಂ2ಎಂ (ಯಂತ್ರದಿಂದ ಯಂತ್ರಕ್ಕೆ ಸಂವಹನ) ನಿಯಮಗಳನ್ನು ಪಾಲಿಸಿ

ಅಂಗಡಿಯಲ್ಲಿ ಸಿಗುವ ಮಾಮೂಲಿ ಸಿಮ್ಮನ್ನು ಮಾಲೀಕರ ಹೆಸರಿನಲ್ಲೋ ಡೀಲರ್ ಹೆಸರಿನಲ್ಲೋ ಕೊಂಡು ಸಾಧನದೊಳಗೆ ಹಾಕಿ ಮಾರುವ ಪದ್ಧತಿ ಅಪಾಯಕಾರಿ. ಯಂತ್ರಗಳ ಸಂವಹನಕ್ಕೆ ಪ್ರತ್ಯೇಕ ಎಂ2ಎಂ ಸಿಮ್‌ಗಳಿವೆ. ಅವುಗಳಿಗೆ ಹದಿಮೂರು ಅಂಕಿಗಳ ಸಂಖ್ಯಾ ಶ್ರೇಣಿಯನ್ನು ನಿಗದಿಪಡಿಸಲಾಗಿದೆ. ದೂರಸಂಪರ್ಕ ಇಲಾಖೆಯ 2018ರ ಮೇ ತಿಂಗಳ ಸೂಚನೆಯಂತೆ ಇಂತಹ ಸಿಮ್‌ನಿಂದ ಕರೆ ಮತ್ತು ಸಂದೇಶಗಳು ಮೊದಲೇ ಗೊತ್ತುಪಡಿಸಿದ ಸಂಖ್ಯೆಗಳಿಗೆ ಮಾತ್ರ, ಡೇಟಾ ಗೊತ್ತುಪಡಿಸಿದ ವಿಳಾಸಗಳಿಗೆ ಮಾತ್ರ ಹೋಗಬೇಕು. ಸಿಮ್ ಸಂಸ್ಥೆಯ ಹೆಸರಿನಲ್ಲಿರುತ್ತದೆ, ಮತ್ತು ಅದು ಯಾವ ಯಂತ್ರದಲ್ಲಿದೆ, ಆ ಯಂತ್ರ ಯಾರ ವಶದಲ್ಲಿದೆ ಎಂಬ ವಿವರವನ್ನು ಸಂಸ್ಥೆಯೇ ಕಾಪಾಡಿಕೊಂಡು ಬರಬೇಕು. ತೋಟ ಮಾರಾಟವಾಗಿ ಸ್ಟಾರ್ಟರ್ ಹೊಸ ಮಾಲೀಕರ ಪಾಲಾದಾಗ ಈ ವಿವರ ತಿದ್ದುವ ದಾರಿ ನಿಮ್ಮ ಆ್ಯಪ್‌ನಲ್ಲೇ ಇರಲಿ.

ದೂರಸಂಪರ್ಕ ಜಾಲವನ್ನು ಬಳಸಿ ಇತರರಿಗೆ ಇಂತಹ ಸೇವೆ ಕೊಡುವ ಸಂಸ್ಥೆಗಳು 2022ರ ಫೆಬ್ರುವರಿಯ ಮಾರ್ಗಸೂಚಿಯಂತೆ ಎಂ2ಎಂ ಸೇವಾದಾತರಾಗಿ ನೋಂದಾಯಿಸಿಕೊಳ್ಳಬೇಕು. ಇದಕ್ಕೂ ಸರಳ್ ಸಂಚಾರ್ ಪೋರ್ಟಲ್ಲೇ ದಾರಿ. ದೂರಸಂಪರ್ಕ ಕಾಯ್ದೆ, 2023ರ ಹಲವು ಭಾಗಗಳು 2024ರ ಜೂನ್ ಮತ್ತು ಜುಲೈಯಿಂದ ಜಾರಿಗೆ ಬಂದಿದ್ದು, ಹಳೆಯ ವ್ಯವಸ್ಥೆಗಳು ಹೊಸ ಕಾಯ್ದೆಯಡಿಗೆ ಹಂತ ಹಂತವಾಗಿ ಸರಿಯುತ್ತಿವೆ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ನಮೂನೆಯನ್ನೇ ಅಂತಿಮವೆಂದು ನೋಡಿಕೊಳ್ಳಿ.

ಹಂತ 4: ಯಾವ ಪ್ರಮಾಣಪತ್ರ ಕಡ್ಡಾಯವೆಂದು ಬಿಡಿಭಾಗದ ಮಟ್ಟದಲ್ಲಿ ಪರಿಶೀಲಿಸಿ

ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ವ್ಯವಸ್ಥೆಯಲ್ಲಿ ಹಲವು ಎಲೆಕ್ಟ್ರಾನಿಕ್ ಸರಕುಗಳಿವೆ. ಇಡೀ ಸಾಧನ ಆ ಪಟ್ಟಿಯಲ್ಲಿ ಇಲ್ಲದಿದ್ದರೂ ಜೊತೆಗೆ ಕೊಡುವ ಪವರ್ ಅಡಾಪ್ಟರ್ ಮತ್ತು ಒಳಗಿನ ಲಿಥಿಯಂ ಬ್ಯಾಟರಿ ಇರುತ್ತವೆ. ಸ್ಮಾರ್ಟ್ ವಾಚ್ ಮತ್ತು ಸಿಸಿ ಕ್ಯಾಮೆರಾಗಳು ನೇರವಾಗಿ ಪಟ್ಟಿಯಲ್ಲಿವೆ. ಸಿಸಿ ಕ್ಯಾಮೆರಾಗಳಿಗಂತೂ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ವಿದ್ಯುತ್ ಸುರಕ್ಷತೆಯ ಜೊತೆಗೆ ಸೈಬರ್ ಸುರಕ್ಷತೆಯ ಪರೀಕ್ಷೆಯೂ ಕಡ್ಡಾಯವಾಗಿದ್ದು, 2025ರ ಏಪ್ರಿಲ್‌ನಿಂದ ಅದು ಪೂರ್ಣವಾಗಿ ಜಾರಿಯಲ್ಲಿದೆ. ಒಂದು ಸರಕಿನ ಸುರಕ್ಷತೆಯೆಂದರೆ ಅದರ ಸಾಫ್ಟ್‌ವೇರ್‌ನ ಸುರಕ್ಷತೆಯೂ ಹೌದೆಂದು ನಮ್ಮ ಕಾನೂನು ಇಷ್ಟು ಸ್ಪಷ್ಟವಾಗಿ ಹೇಳಿದ್ದು ಮಹತ್ವದ ತಿರುವು. ಉಳಿದ ಸಾಧನಗಳಿಗೂ ಇದೇ ಮಾದರಿ ಬರಲಿದೆ ಎಂದು ಎಣಿಸಿಯೇ ವಿನ್ಯಾಸ ಮಾಡುವುದು ಜಾಣತನ.

ಇದಲ್ಲದೆ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರ, ಅಂದರೆ ಟಿಇಸಿ, ನಡೆಸುವ ಎಂಟಿಸಿಟಿಇ ಎಂಬ ಕಡ್ಡಾಯ ಪರೀಕ್ಷಾ ವ್ಯವಸ್ಥೆಯಲ್ಲಿ ಐಒಟಿ (ಅಂತರ್ಜಾಲಕ್ಕೆ ಜೋಡಿಸಿದ ಸಾಧನಗಳ) ಗೇಟ್‌ವೇ, ಟ್ರ್ಯಾಕಿಂಗ್ ಸಾಧನ, ಸ್ಮಾರ್ಟ್ ವಿದ್ಯುತ್ ಮೀಟರ್‌ನಂಥವು ಸೇರಿವೆ. ನಿಮ್ಮ ಸಾಧನ ಈ ವರ್ಗಕ್ಕೆ ಬರುತ್ತದೆಯೇ ಎಂಬ ಸಂದೇಹವಿದ್ದರೆ ಲಿಖಿತ ಪ್ರಶ್ನೆ ಕಳುಹಿಸಿ, ಉತ್ತರವನ್ನು ಕಡತದಲ್ಲಿಡಿ. ದೂರಸಂಪರ್ಕ ಉಪಕರಣಗಳ ಭದ್ರತಾ ಅಗತ್ಯಗಳನ್ನು ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಬೆಂಗಳೂರಿನಲ್ಲೇ ಇರುವುದು ಇಲ್ಲಿನ ಉದ್ಯಮಗಳಿಗೆ ಅನುಕೂಲವೇ ಸರಿ.

ನಾಡಿಮಿಡಿತ, ರಕ್ತದೊತ್ತಡ, ಸಕ್ಕರೆಯ ಮಟ್ಟ ತೋರಿಸುವ ಸಾಧನವಾದರೆ ಹಾದಿಯೇ ಬೇರೆ. ರೋಗಪತ್ತೆ ಅಥವಾ ಚಿಕಿತ್ಸೆಗೆಂದು ಉದ್ದೇಶಿಸಿದ ಸಾಧನಗಳೂ ಅವುಗಳ ಸಾಫ್ಟ್‌ವೇರ್‌ಗಳೂ ವೈದ್ಯಕೀಯ ಸಾಧನಗಳ ನಿಯಮ, 2017ರಡಿ ಬರುತ್ತವೆ. ಅಪಾಯದ ಪ್ರಮಾಣದ ಮೇಲೆ ವಿಂಗಡಿಸಿದ ವರ್ಗಗಳಲ್ಲಿ ಎ ಮತ್ತು ಬಿ ವರ್ಗದ ತಯಾರಿಕೆಗೆ ರಾಜ್ಯ ಪ್ರಾಧಿಕಾರ, ಸಿ ಮತ್ತು ಡಿ ವರ್ಗಕ್ಕೆ ಕೇಂದ್ರ ಪ್ರಾಧಿಕಾರ ಲೈಸೆನ್ಸ್ ಕೊಡುತ್ತದೆ. ಜಾಹೀರಾತಿನ ಒಂದು ವಾಕ್ಯವೇ ಸಾಧನದ ಉದ್ದೇಶವನ್ನು ಬದಲಿಸಿಬಿಡಬಹುದಾದ್ದರಿಂದ, ಇಂತಹ ಸಾಧನಗಳ ಪ್ರಚಾರದ ಮಾತನ್ನು ವಕೀಲರು ನೋಡದೆ ಮುದ್ರಣಕ್ಕೆ ಕಳುಹಿಸಬಾರದು.

ಹಂತ 5: ಪಾಸ್‌ವರ್ಡ್ ಮತ್ತು ಅಪ್‌ಡೇಟ್ ವ್ಯವಸ್ಥೆಯನ್ನು ವಿನ್ಯಾಸದಲ್ಲೇ ಸೇರಿಸಿ

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅದರ ಆಯುಧ ಅರವತ್ತರಷ್ಟು ಮಾಮೂಲಿ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ತಯಾರಕರು ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಹಾಕಿ ಕಳುಹಿಸಿದ್ದರು, ಕೊಂಡವರು ಬದಲಿಸಿರಲಿಲ್ಲ. ಟಿಇಸಿ 2021ರಲ್ಲಿ ಹೊರತಂದ ಗ್ರಾಹಕ ಐಒಟಿ ಸುರಕ್ಷತಾ ಸಂಹಿತೆಯ ಹದಿಮೂರು ಸೂತ್ರಗಳಲ್ಲಿ ಮೊದಲನೆಯದು ಇದೇ: ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಇರಕೂಡದು. ಎರಡನೆಯದು, ದೋಷ ಕಂಡವರು ತಿಳಿಸಲು ಒಂದು ವಿಳಾಸವಿರಬೇಕು. ಮೂರನೆಯದು, ಸಾಫ್ಟ್‌ವೇರನ್ನು ನವೀಕರಿಸುತ್ತಿರಬೇಕು. ಈ ಸಂಹಿತೆ ಕಡ್ಡಾಯವಲ್ಲ. ಆದರೂ ನಾಳೆ ಮೊಕದ್ದಮೆಯಲ್ಲಿ ನೀವು ಸಮಂಜಸವಾದ ಎಚ್ಚರ ವಹಿಸಿದ್ದೀರಾ ಎಂಬ ಪ್ರಶ್ನೆ ಬಂದಾಗ, ಸರ್ಕಾರದ್ದೇ ಸಂಸ್ಥೆ ಪ್ರಕಟಿಸಿದ ಸಂಹಿತೆಯನ್ನು ಎದುರು ಪಕ್ಷದ ವಕೀಲರು ಮುಂದಿಡುವುದು ಖಚಿತ.

ಪ್ರತಿ ಸಾಧನಕ್ಕೂ ಬೇರೆ ಪಾಸ್‌ವರ್ಡ್, ದೂರದಿಂದ ಡಿಜಿಟಲ್ ಸಹಿ ಇರುವ ಅಪ್‌ಡೇಟ್ ಕಳುಹಿಸುವ ವ್ಯವಸ್ಥೆ, ಅಪ್‌ಡೇಟ್ ಕೆಟ್ಟರೆ ಹಳೆಯ ಸ್ಥಿತಿಗೆ ಮರಳುವ ವ್ಯವಸ್ಥೆ, ಈ ಮೂರನ್ನೂ ನಂತರ ಸೇರಿಸುತ್ತೇವೆಂದರೆ ಆಗದು. ಅಪ್‌ಡೇಟ್ ಕಳುಹಿಸಲಾಗದ ಸಾಧನದಲ್ಲಿ ದೋಷ ಕಂಡುಬಂದರೆ ಉಳಿಯುವ ಒಂದೇ ದಾರಿ ಎಲ್ಲವನ್ನೂ ಹಿಂದಕ್ಕೆ ತರಿಸುವುದು, ಮತ್ತು ಸಣ್ಣ ಉದ್ಯಮವೊಂದಕ್ಕೆ ಆ ಖರ್ಚನ್ನು ತಾಳಿಕೊಳ್ಳುವುದು ಕಷ್ಟ.

ಹಂತ 6: ವೈಯಕ್ತಿಕ ದತ್ತಾಂಶದ ಲೆಕ್ಕ ಇಡಿ, ಸಮ್ಮತಿಯನ್ನು ಕನ್ನಡದಲ್ಲಿ ಕೇಳಿ

ನಮ್ಮದು ಯಂತ್ರದ ಮಾಹಿತಿ, ವ್ಯಕ್ತಿಯದ್ದಲ್ಲ ಎಂದು ಹಲವು ತಯಾರಕರು ನಂಬಿರುತ್ತಾರೆ. ಮೋಟರ್ ಯಾವ ಹೊತ್ತಿಗೆ ಎಷ್ಟು ಗಂಟೆ ನಡೆಯಿತು ಎಂಬ ಮಾಹಿತಿ ಒಬ್ಬ ರೈತರ ಫೋನ್ ಸಂಖ್ಯೆಗೂ ಜಮೀನಿನ ಸ್ಥಳಕ್ಕೂ ಜೋಡಣೆಯಾಗಿದ್ದರೆ ಅದು ಆ ವ್ಯಕ್ತಿಯ ದತ್ತಾಂಶವೇ. ಅವರು ಊರಿನಲ್ಲಿದ್ದಾರೆಯೇ, ಯಾವ ಬೆಳೆಗೆ ನೀರು ಹಾಯಿಸುತ್ತಿದ್ದಾರೆ, ಬೋರ್‌ವೆಲ್ ಬತ್ತುತ್ತಿದೆಯೇ ಎಂಬುದನ್ನೆಲ್ಲ ಅದರಿಂದ ಊಹಿಸಬಹುದು. ಸಾಲ ಕೊಡುವವರಿಗೂ ವಿಮೆ ಮಾರುವವರಿಗೂ ಜಮೀನು ಹುಡುಕುವವರಿಗೂ ಇದು ಬೆಲೆಬಾಳುವ ಮಾಹಿತಿ. ಆದ್ದರಿಂದಲೇ ಇದನ್ನು ಕಾಯುವ ಕೆಲಸವನ್ನು ಹಗುರವಾಗಿ ಕಾಣಬಾರದೆಂದು ಒತ್ತಿ ಹೇಳುತ್ತೇನೆ.

ಗೋಪ್ಯತೆ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ನಂತರ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮತ್ತು ಉದ್ಯಮಗಳ ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿರುವುದರಿಂದ ಅವು 2027ರ ಮೇ ತಿಂಗಳಿಂದ ಜಾರಿಗೆ ಬರುತ್ತವೆ. ಅಲ್ಲಿಯವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ ಮತ್ತು 2011ರ ನಿಯಮಗಳು ನಡೆಯುತ್ತವೆ. ಪಾಸ್‌ವರ್ಡ್, ಹಣಕಾಸು, ಆರೋಗ್ಯ, ಬಯೊಮೆಟ್ರಿಕ್ ಮಾಹಿತಿಗಳನ್ನು ಅವು ಸೂಕ್ಷ್ಮವೆಂದು ಗುರುತಿಸುತ್ತವೆ. ಇಂದು ವಿನ್ಯಾಸಗೊಳ್ಳುವ ಸಾಧನ 2027ರಲ್ಲೂ ತೋಟದಲ್ಲಿ ಇದ್ದೇ ಇರುತ್ತದಾದ್ದರಿಂದ ಹೊಸ ಕಾಯ್ದೆಗೇ ತಯಾರಾಗುವುದು ಸರಿ.

ಸಮ್ಮತಿ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕೆಂದು ಹೊಸ ಕಾಯ್ದೆ ಹೇಳುತ್ತದೆ. ಕನ್ನಡ ಆ ಪರಿಚ್ಛೇದದಲ್ಲಿದೆ. ಹಾಗಾಗಿ ಕನ್ನಡದ ನೋಟಿಸ್ ಕಾನೂನಿನ ಅಗತ್ಯವೇ ಹೊರತು ಉಪಕಾರವಲ್ಲ. ಯಂತ್ರಾನುವಾದಕ್ಕೆ ಬಿಡದೆ, ಜಮೀನಿನಲ್ಲಿ ನಿಂತು ಓದುವವರಿಗೆ ಅರ್ಥವಾಗುವಂತೆ ಬರೆಸಿ: ‘ನಿಮ್ಮ ಮೋಟರ್ ನಡೆದ ಸಮಯ ಮತ್ತು ಜಮೀನಿನ ಸ್ಥಳವನ್ನು ನಾವು ಪಡೆಯುತ್ತೇವೆ, ಮೋಟರನ್ನು ದೂರದಿಂದ ನಡೆಸಲು ಮತ್ತು ಸುಟ್ಟುಹೋಗದಂತೆ ಕಾಯಲು ಇದು ಬೇಕು, ಬೇರೆಯವರಿಗೆ ಮಾರುವುದಿಲ್ಲ, ಬೇಡವೆನಿಸಿದರೆ ಇಲ್ಲಿ ಒತ್ತಿ ಹಿಂಪಡೆಯಬಹುದು.’ ಕೊಟ್ಟಷ್ಟೇ ಸುಲಭವಾಗಿ ಸಮ್ಮತಿಯನ್ನು ಹಿಂಪಡೆಯಲು ಬರಬೇಕೆಂಬುದೂ ಕಾಯ್ದೆಯ ಮಾತು.

ಹೇಳಿದ ಉದ್ದೇಶಕ್ಕೆ ಬೇಕಾದಷ್ಟನ್ನು ಮಾತ್ರ ಸಂಗ್ರಹಿಸಬೇಕು. ಕಾಯ್ದೆಯಲ್ಲೇ ಕೊಟ್ಟಿರುವ ಉದಾಹರಣೆಯೊಂದರಲ್ಲಿ ದೂರವೈದ್ಯ ಸೇವೆಯ ಆ್ಯಪ್ ಫೋನಿನ ಸಂಪರ್ಕ ಪಟ್ಟಿಯನ್ನೂ ಕೇಳುತ್ತದೆ. ಸೇವೆಗೆ ಅದು ಬೇಡವಾದ್ದರಿಂದ ಆ ಭಾಗದ ಸಮ್ಮತಿಗೆ ಬೆಲೆಯಿಲ್ಲ. ಮೋಟರ್ ನಡೆಸುವ ಆ್ಯಪ್ ಫೋಟೊ ಗ್ಯಾಲರಿಗೆ ಅನುಮತಿ ಕೇಳಿದರೆ ಅದರ ಗತಿಯೂ ಅಷ್ಟೇ. ಹದಿನೆಂಟು ವರ್ಷದೊಳಗಿನವರ ದತ್ತಾಂಶಕ್ಕೆ ಪಾಲಕರ ಪರಿಶೀಲಿಸಬಹುದಾದ ಸಮ್ಮತಿ ಬೇಕು, ಮತ್ತು ಮಕ್ಕಳ ಜಾಡು ಹಿಡಿಯುವುದಕ್ಕೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದಕ್ಕೂ ನಿಷೇಧವಿದೆ. ಶಾಲಾ ವಾಹನದಲ್ಲಿ ಮಕ್ಕಳ ಸುರಕ್ಷತೆಗಾಗಿ ಸ್ಥಳ ತಿಳಿಯುವುದಕ್ಕೆ ನಿಯಮಗಳಲ್ಲಿ ಸೀಮಿತ ವಿನಾಯಿತಿ ಇದೆ. ಮಕ್ಕಳ ವಾಚ್ ತಯಾರಿಸುವವರು ತಮಗೆ ಯಾವ ವಿನಾಯಿತಿ ಎಷ್ಟರ ಮಟ್ಟಿಗೆ ಅನ್ವಯವೆಂದು ನಿಯಮಗಳ ಪಠ್ಯದಲ್ಲೇ ನೋಡಿಕೊಳ್ಳಬೇಕು.

ಸಮಂಜಸ ಭದ್ರತೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೆ, ದತ್ತಾಂಶ ಸೋರಿದ್ದನ್ನು ತಿಳಿಸದಿದ್ದರೆ 200 ಕೋಟಿಯವರೆಗೆ ಹೋಗಬಹುದು. ಕ್ಲೌಡ್ ಸಂಸ್ಥೆಯ ತಪ್ಪಿನಿಂದ ಸೋರಿದರೂ ಕಾಯ್ದೆಯ ಮುಂದೆ ಉತ್ತರ ಹೇಳಬೇಕಾದವರು ದತ್ತಾಂಶವನ್ನು ಏಕೆ ಮತ್ತು ಹೇಗೆ ಬಳಸಬೇಕೆಂದು ನಿರ್ಧರಿಸಿದವರು, ಅಂದರೆ ನೀವು. ಒಳಗಿನವರ ಕಣ್ಣಿಗೂ ಮಿತಿ ಬೇಕು: ಅಮೆರಿಕದಲ್ಲಿ ಮನೆ ಕ್ಯಾಮೆರಾ ಮಾರುವ ರಿಂಗ್ ಸಂಸ್ಥೆಯ ನೌಕರರು ಗ್ರಾಹಕರ ಖಾಸಗಿ ದೃಶ್ಯಗಳನ್ನು ನೋಡಲು ಅವಕಾಶವಿತ್ತೆಂಬ ಆರೋಪದ ಪ್ರಕರಣ 2023ರಲ್ಲಿ 58 ಲಕ್ಷ ಡಾಲರ್ ಪಾವತಿಯೊಂದಿಗೆ ಇತ್ಯರ್ಥವಾಯಿತು. ಯಾವ ನೌಕರರು ಯಾವ ಗ್ರಾಹಕರ ಮಾಹಿತಿಯನ್ನು ಯಾವಾಗ ತೆರೆದರು ಎಂಬ ದಾಖಲೆ ತಾನಾಗಿ ಉಳಿಯುವಂತೆ ಸರ್ವರನ್ನು ರೂಪಿಸಿ.

ಹಂತ 7: ಉತ್ಪನ್ನ ಹೊಣೆಗಾರಿಕೆಗೆ ಸಿದ್ಧರಾಗಿ

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಆರನೇ ಅಧ್ಯಾಯ ಉತ್ಪನ್ನ ಹೊಣೆಗಾರಿಕೆಗೆ ಮೀಸಲು. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಕೊಟ್ಟ ಭರವಸೆಗೆ ಹೊಂದದಿರುವುದು, ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಕೊಡದಿರುವುದು, ಇವುಗಳಲ್ಲಿ ಯಾವುದರಿಂದ ಹಾನಿಯಾದರೂ ತಯಾರಕರು ಹೊಣೆ. ಭರವಸೆ ಕೊಡುವಾಗ ತಮ್ಮಿಂದ ನಿರ್ಲಕ್ಷ್ಯವಾಗಿಲ್ಲವೆಂದು ಸಾಧಿಸಿದರೂ ಭರವಸೆ ಮುರಿದ ಹೊಣೆ ತಪ್ಪುವುದಿಲ್ಲ.

ಮೊಬೈಲ್ ಸ್ಟಾರ್ಟರ್‌ನಲ್ಲಿ ಇದರ ಅರ್ಥ ಬಹಳ ಗಂಭೀರ. ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ ದಿನದ ಕೆಲವೇ ಗಂಟೆ, ಸರದಿಯ ಮೇಲೆ, ಎಷ್ಟೋ ಸಲ ರಾತ್ರಿ ಬರುತ್ತದೆ. ವಿದ್ಯುತ್ ಬಂದೊಡನೆ ತಾನೇ ಚಾಲೂ ಆಗುವ ಆಯ್ಕೆ ಸಾಧನದಲ್ಲಿದೆ ಎನ್ನಿ. ಕರೆಂಟ್ ಇಲ್ಲವೆಂದು ಒಬ್ಬರು ವೈರ್ ಜೋಡಿಸುತ್ತಿರುವಾಗ, ಊರಿನಲ್ಲಿರುವ ಮಗ ಫೋನಿನಲ್ಲಿ ಹಿಂದೆಂದೋ ಇಟ್ಟ ಆ ಆಯ್ಕೆ ಕೆಲಸ ಮಾಡಿ ಮೋಟರ್ ಚಾಲೂ ಆದರೆ ಪ್ರಾಣವೇ ಹೋಗಬಹುದು. ಸ್ಥಳದಲ್ಲಿ ನಿಂತವರು ಕೈಯಿಂದ ಬಂದ್ ಮಾಡಿದ್ದನ್ನು ದೂರದ ಆದೇಶ ಮೀರಲು ಬಿಡುವುದು, ನನ್ನ ದೃಷ್ಟಿಯಲ್ಲಿ, ವಿನ್ಯಾಸದ ದೋಷವೇ. ಸ್ಥಳದ ಸ್ವಿಚ್ಚಿನ ಮಾತೇ ಅಂತಿಮವಾಗಿರಲಿ. ಆ್ಯಪ್‌ನಲ್ಲಿ ‘ಆಫ್’ ಎಂದು ತೋರಿಸಿದ ಮಾತ್ರಕ್ಕೆ ವಿದ್ಯುತ್ ಇಲ್ಲವೆಂದು ತಿಳಿಯಬಾರದು, ರಿಪೇರಿಗೆ ಮೊದಲು ಫ್ಯೂಸ್ ತೆಗೆಯಬೇಕು ಎಂಬ ಎಚ್ಚರಿಕೆ ಕನ್ನಡದಲ್ಲಿ, ಚಿತ್ರದೊಂದಿಗೆ, ಕೈಪಿಡಿಯಲ್ಲಿ ಮಾತ್ರವಲ್ಲದೆ ಪೆಟ್ಟಿಗೆಯ ಮುಚ್ಚಳದ ಮೇಲೂ ಇರಲಿ. ನೆಟ್‌ವರ್ಕ್ ಕಡಿದಾಗ ಸಾಧನ ಯಾವ ಸ್ಥಿತಿಗೆ ಹೋಗುತ್ತದೆ ಎಂಬುದನ್ನು ಪರೀಕ್ಷಿಸಿ ದಾಖಲಿಸಿ. ದುರುಪಯೋಗ ಅಥವಾ ಮಾರ್ಪಾಡಿನಿಂದ ಹಾನಿಯಾದರೆ ಕಾಯ್ದೆ ವಿನಾಯಿತಿ ಕೊಡುತ್ತದೆಯಾದರೂ ಅದನ್ನು ಸಾಧಿಸಲು ಇಂತಹ ದಾಖಲೆಗಳೇ ಬೇಕಾಗುತ್ತವೆ.

ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಬೆಂಗಳೂರಿನ ತಯಾರಕರು ರಾಯಚೂರಿಗೋ ಕಾರವಾರಕ್ಕೋ ಹೋಗಿ ಉತ್ತರ ಹೇಳಬೇಕಾಗುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಬಳಸಿದ್ದು ವಾಣಿಜ್ಯ ಉದ್ದೇಶವಲ್ಲವೆಂದು ಕಾಯ್ದೆಯೇ ವಿವರಿಸಿರುವುದರಿಂದ, ಕೊಂಡವರು ಗ್ರಾಹಕರಲ್ಲ ಎಂಬ ವಾದ ಇಲ್ಲಿ ನಿಲ್ಲದು.

ಹಂತ 8: ಸಾಫ್ಟ್‌ವೇರ್ ನಿಮ್ಮದೆಂದು ಕಾಗದದಲ್ಲಿ ಇರಲಿ

ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದ ಸಾಫ್ಟ್‌ವೇರಿನ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಸಂಸ್ಥೆಗೆ ಸೇರುತ್ತದೆ. ಹೊರಗಿನ ಫ್ರೀಲಾನ್ಸರ್ ಬರೆದದ್ದು ಹಾಗಲ್ಲ. ನೀವು ಪೂರ್ತಿ ಹಣ ಕೊಟ್ಟಿದ್ದರೂ ಲಿಖಿತ ವರ್ಗಾವಣೆ ಇಲ್ಲದಿದ್ದರೆ ಸ್ವಾಮ್ಯ ಬರೆದವರಲ್ಲೇ ಉಳಿಯುತ್ತದೆ. ವರ್ಗಾವಣೆ ಪತ್ರ ಬರೆದರೂ ಎಷ್ಟು ಕಾಲಕ್ಕೆ ಎಂದು ಹೇಳದಿದ್ದರೆ ಕೃತಿಸ್ವಾಮ್ಯ ಕಾಯ್ದೆ, 1957ರ 19ನೇ ಸೆಕ್ಷನ್ ಪ್ರಕಾರ ಅದು ಐದು ವರ್ಷಕ್ಕೆ ಮಾತ್ರ. ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ. ರಫ್ತು ಮಾಡುವ ಆಸೆಯಿರುವವರು ಜಗತ್ತಿನಾದ್ಯಂತ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ ಎಂಬ ಮಾತನ್ನು ಬರೆಸಿ, ಸಹಿ ಹಾಕಿಸಿಕೊಳ್ಳಬೇಕು.

ಮುಕ್ತ ತಂತ್ರಾಂಶದ ಷರತ್ತುಗಳನ್ನೂ ಓದಿ. ಲಿನಕ್ಸ್ ಕರ್ನಲ್ ಬಳಸಿದ ಸಾಧನ ಮಾರುವವರು ಅದರ ಪರವಾನಗಿಯಾದ ಜಿಪಿಎಲ್ ಎರಡನೇ ಆವೃತ್ತಿಯ ಪ್ರಕಾರ ಆ ಭಾಗದ ಮೂಲಸಂಕೇತವನ್ನು ಪಡೆದವರಿಗೆ ಕೊಡಲು ಬದ್ಧರು. ಯಾವ ತುಣುಕು ಯಾವ ಪರವಾನಗಿಯದು ಎಂಬ ಪಟ್ಟಿಯನ್ನು ಮೊದಲ ದಿನದಿಂದ ಇಟ್ಟುಕೊಂಡರೆ ಇದು ಹೊರೆಯಾಗದು. ಕ್ಲೌಡ್ ಮತ್ತು ಮಾಡ್ಯೂಲ್ ಪೂರೈಕೆದಾರರೊಂದಿಗಿನ ಒಪ್ಪಂದದಲ್ಲಿ ಭದ್ರತಾ ದೋಷವನ್ನು ಎಷ್ಟು ಗಂಟೆಯೊಳಗೆ ತಿಳಿಸಬೇಕು, ಎಷ್ಟು ವರ್ಷ ಅಪ್‌ಡೇಟ್ ಕೊಡಬೇಕು, ಅವರ ತಪ್ಪಿನ ನಷ್ಟ ಯಾರು ತುಂಬಬೇಕು, ಸೇವೆ ನಿಂತರೆ ದತ್ತಾಂಶ ಹೇಗೆ ಮರಳಬೇಕು ಎಂಬುದಿರಲಿ.

ಹಂತ 9: ದಾಳಿಯಾದ ದಿನದ ಕ್ರಮವನ್ನು ಮೊದಲೇ ಬರೆದಿಡಿ; ರಫ್ತಿನ ನಿಯಮ ನೋಡಿ

ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದು, ಸೈಬರ್ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ. ಐಒಟಿ ಸಾಧನಗಳ ಮೇಲಿನ ದಾಳಿ ಆ ಪಟ್ಟಿಯಲ್ಲಿ ಹೆಸರಿಟ್ಟೇ ಸೇರಿದೆ. ಸರ್ವರ್‌ನ ಚಟುವಟಿಕೆಯ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಸರ್ವರ್‌ಗಳ ಗಡಿಯಾರ ಸರ್ಕಾರ ಸೂಚಿಸಿದ ಸಮಯಕ್ಕೆ ಹೊಂದಿರಬೇಕು. ಪಾಲಿಸದಿದ್ದರೆ ಒಂದು ವರ್ಷದವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ದತ್ತಾಂಶ ನಿಯಮಗಳು ಜಾರಿಗೆ ಬಂದ ಮೇಲೆ ವೈಯಕ್ತಿಕ ದತ್ತಾಂಶ ಸೋರಿದ್ದನ್ನು ವಿಳಂಬವಿಲ್ಲದೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಿ, 72 ಗಂಟೆಯೊಳಗೆ ಮಂಡಳಿಗೆ ವಿವರವಾದ ವರದಿ ಕೊಡಬೇಕು. ರಾತ್ರಿ ಎರಡು ಗಂಟೆಗೆ ದಾಳಿ ಗೊತ್ತಾದರೆ ಯಾರಿಗೆ ಕರೆ, ಯಾರು ಸರ್ವರ್ ಬೇರ್ಪಡಿಸುವವರು, ಯಾರು ವರದಿ ಬರೆಯುವವರು ಎಂಬುದು ಒಂದು ಪುಟದಲ್ಲಿರಲಿ. ಆರು ಗಂಟೆ ಬಹಳ ಬೇಗ ಮುಗಿಯುತ್ತದೆ.

ಬ್ರಿಟನ್ನಿಗೆ ಕಳುಹಿಸುವ ಗ್ರಾಹಕ ಸಾಧನಗಳಿಗೆ 2024ರ ಏಪ್ರಿಲ್ 29ರಿಂದ ಸಾಮಾನ್ಯ ಪಾಸ್‌ವರ್ಡ್ ನಿಷಿದ್ಧ, ದೋಷ ವರದಿಯ ವಿಳಾಸ ಮತ್ತು ಅಪ್‌ಡೇಟ್ ಕೊಡುವ ಕನಿಷ್ಠ ಅವಧಿಯ ಪ್ರಕಟಣೆ ಕಡ್ಡಾಯ. ಯುರೋಪಿಯನ್ ಒಕ್ಕೂಟದ ಸೈಬರ್ ಸ್ಥೈರ್ಯ ಕಾಯ್ದೆ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದ್ದು, ದೋಷ ವರದಿಯ ಕರ್ತವ್ಯ 2026ರ ಸೆಪ್ಟೆಂಬರ್ 11ರಿಂದ, ಉಳಿದ ಮುಖ್ಯ ಕರ್ತವ್ಯಗಳು 2027ರ ಡಿಸೆಂಬರ್ 11ರಿಂದ ಅನ್ವಯಿಸುತ್ತವೆ. ದಂಡ ಒಂದೂವರೆ ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇಕಡ 2.5, ಇವೆರಡರಲ್ಲಿ ಹೆಚ್ಚಿನದರವರೆಗೆ ಹೋಗಬಹುದು. ಬೇರೊಬ್ಬರ ಹೆಸರಿನಲ್ಲಿ ಮಾರಾಟವಾಗುವ ಸಾಧನ ತಯಾರಿಸಿಕೊಡುವ ಇಲ್ಲಿನ ಘಟಕಗಳಿಗೂ ಈ ಷರತ್ತುಗಳು ಖರೀದಿದಾರರ ಒಪ್ಪಂದದ ಮೂಲಕ ತಲುಪುತ್ತವೆ.

ಹಂತ 10: ಸಾಧನಗಳನ್ನು ಬಳಸುವ ಸಂಸ್ಥೆಗಳ ಕರ್ತವ್ಯ

ಕಾರ್ಖಾನೆ, ಆಸ್ಪತ್ರೆ, ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟ್ ಸಂಘ ಯಾವುದೇ ಇರಲಿ, ಮೊದಲು ಕಟ್ಟಡದಲ್ಲಿರುವ ಎಲ್ಲ ಸಂಪರ್ಕಿತ ಸಾಧನಗಳ ಪಟ್ಟಿ ಮಾಡಿ: ಕ್ಯಾಮೆರಾ, ಹಾಜರಿ ಯಂತ್ರ, ಬೀಗ, ಗೇಟಿನ ಸಂದರ್ಶಕರ ಆ್ಯಪ್, ವಾಹನದ ಜಿಪಿಎಸ್. ಪ್ರತಿಯೊಂದರ ಪಾಸ್‌ವರ್ಡ್ ಬದಲಿಸಿ, ಅಳವಡಿಸಿದವರ ಕೈಯಲ್ಲಿ ಉಳಿದಿರುವ ಪ್ರವೇಶವನ್ನು ತೆಗೆಯಿರಿ, ಕಚೇರಿಯ ಲೆಕ್ಕಪತ್ರದ ಜಾಲದಿಂದ ಅವುಗಳನ್ನು ಬೇರ್ಪಡಿಸಿ. ವ್ಯಕ್ತಿಯೊಬ್ಬರು ತಮ್ಮ ಮನೆಯ ಬಳಕೆಗೆ ಇಟ್ಟ ಕ್ಯಾಮೆರಾಗೆ ದತ್ತಾಂಶ ಕಾಯ್ದೆಯಿಂದ ವಿನಾಯಿತಿಯಿದೆ. ಸಂಘ ಅಥವಾ ಕಂಪನಿ ಅಳವಡಿಸಿದ್ದಕ್ಕೆ ಆ ರಕ್ಷಣೆ ಇದೆ ಎಂದು ನಂಬಿ ನಡೆಯಬೇಡಿ.

ಜನ ಹೆಚ್ಚು ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ ದೃಶ್ಯಗಳನ್ನು 30 ದಿನ ಇಟ್ಟುಕೊಳ್ಳಬೇಕೆಂದು ಕರ್ನಾಟಕದ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ, 2017 ಹೇಳುತ್ತದೆ. ಕಾನೂನು ಬೇಡುವಷ್ಟು ದಿನ ಇಟ್ಟು, ಯಾವುದೇ ಪ್ರಕರಣಕ್ಕೆ ಬೇಡವಾದದ್ದನ್ನು ಅಳಿಸುವ ನಿಯಮ ಮಾಡಿಕೊಳ್ಳಿ. ಕ್ಯಾಮೆರಾ ಇದೆಯೆಂಬ ಫಲಕ ಕನ್ನಡದಲ್ಲಿ ಎದ್ದು ಕಾಣುವಂತಿರಲಿ. ಬಟ್ಟೆ ಬದಲಿಸುವ ಕೋಣೆ, ಶೌಚಾಲಯದ ಕಡೆಗೆ ಕ್ಯಾಮೆರಾ ತಿರುಗಿದ್ದರೆ ಅದು ನೇರವಾಗಿ ಅಪರಾಧ ಕಾನೂನಿನ ವ್ಯಾಪ್ತಿ.

ನೌಕರರ ವಿಷಯದಲ್ಲಿ ಹೊಸ ಕಾಯ್ದೆ ಉದ್ಯೋಗದ ಉದ್ದೇಶಕ್ಕೆ ಮತ್ತು ಸಂಸ್ಥೆಯನ್ನು ನಷ್ಟದಿಂದ ಕಾಪಾಡಲು ಸಮ್ಮತಿಯಿಲ್ಲದೆಯೂ ದತ್ತಾಂಶ ಬಳಸಲು ಅವಕಾಶ ಕೊಟ್ಟಿದೆ. ಇದನ್ನು ಹಿಗ್ಗಿಸಬಾರದು. ಡೆಲಿವರಿ ವಾಹನದ ಜಿಪಿಎಸ್ ಕೆಲಸದ ಹೊತ್ತಿನಲ್ಲಿ ನ್ಯಾಯ. ರಜೆಯ ದಿನ ನೌಕರರ ಫೋನಿನ ಸ್ಥಳ ನೋಡುವುದು ನ್ಯಾಯವಲ್ಲ. ಸದ್ಯ ಜಾರಿಯಲ್ಲಿರುವ 2011ರ ನಿಯಮಗಳ ಪ್ರಕಾರ ಬೆರಳಚ್ಚಿನಂತಹ ಬಯೊಮೆಟ್ರಿಕ್ ಮಾಹಿತಿಗೆ ಲಿಖಿತ ಸಮ್ಮತಿ ಬೇಕು. ಏನನ್ನು, ಏಕೆ, ಎಷ್ಟು ದಿನ ಎಂಬುದನ್ನು ನೌಕರರಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಪುಟ ಬರೆದು ಕೊಟ್ಟು ಸಹಿ ಪಡೆಯುವುದು ಇಬ್ಬರಿಗೂ ಒಳ್ಳೆಯದು.

ಪೊಲೀಸರು ದೃಶ್ಯ ಅಥವಾ ಲಾಗ್ ಕೇಳಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ನಿನ ಲಿಖಿತ ಸೂಚನೆಯನ್ನು ಕೇಳಿ ಪಡೆದು, ಕೊಟ್ಟದ್ದರ ಪ್ರತಿಯನ್ನೂ ಅದರ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ದಾಖಲಿಸಿ. ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆ ನಿಲ್ಲಬೇಕಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಧನದ ಹೊಣೆ ಹೊತ್ತವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಕಳ್ಳತನದ ದೃಶ್ಯವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಮೂಲವನ್ನು ಅಳಿಸಿದವರಿಗೆ ಈ ಪ್ರಮಾಣಪತ್ರ ಕೊಡುವುದೇ ಕಷ್ಟವಾಗುತ್ತದೆ.

ಹಂತ 11: ಸೇವೆ ನಿಲ್ಲಿಸುವ ದಿನಕ್ಕೂ ಯೋಜನೆ ಇರಲಿ

ಎಷ್ಟು ವರ್ಷ ಸರ್ವರ್ ನಡೆಯುತ್ತದೆ, ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂಬುದನ್ನು ಮಾರುವಾಗಲೇ ಬಿಲ್ಲಿನ ಜೊತೆ ತಿಳಿಸಿ. ಸರ್ವರ್ ಮುಚ್ಚಿದರೂ ಸ್ಟಾರ್ಟರ್ ಕೈಯಿಂದ ನಡೆಯುವಂತಿರಬೇಕು; ಬೆಳೆ ನೀರಿಗಾಗಿ ಕಾಯುತ್ತಿರುವಾಗ ಯಂತ್ರ ಜಡವಾದರೆ ಅದರ ನಷ್ಟವನ್ನು ಯಾವ ಷರತ್ತಿನ ಸಾಲೂ ಮುಚ್ಚಲಾರದು. ಮುಚ್ಚುವ ಮೊದಲು ಬಳಕೆದಾರರಿಗೆ ಮುಂಗಡ ಸೂಚನೆ ಕೊಟ್ಟು, ಕಾನೂನು ಬೇಡುವ ಲಾಗ್‌ಗಳನ್ನು ಬಿಟ್ಟು ಉಳಿದ ವೈಯಕ್ತಿಕ ದತ್ತಾಂಶವನ್ನು ಅಳಿಸಿ, ಸಿಮ್‌ಗಳನ್ನು ರದ್ದು ಮಾಡಿಸಿ.

ಇ-ತ್ಯಾಜ್ಯ ನಿಯಮ, 2022 ಮತ್ತು ಬ್ಯಾಟರಿ ತ್ಯಾಜ್ಯ ನಿಯಮ, 2022ರಡಿ ಉತ್ಪಾದಕರೆನಿಸಿಕೊಳ್ಳುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ಮರುಬಳಕೆಯ ಗುರಿ ತಲುಪಬೇಕು. ಆಮದು ಮಾಡಿ ತಮ್ಮ ಹೆಸರಿನಲ್ಲಿ ಮಾರುವವರೂ ಇದರೊಳಗೆ ಬರುತ್ತಾರೆ. ಬಳಸುವ ಸಂಸ್ಥೆಗಳು ಹಳೆಯ ಕ್ಯಾಮೆರಾ, ರೆಕಾರ್ಡರ್, ಹಾಜರಿ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಖಾತೆಗಳಿಂದ ಬಿಡಿಸಿ, ಒಳಗಿನ ಸಂಗ್ರಹವನ್ನು ಅಳಿಸಿ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ ರಸೀದಿ ಪಡೆದು, ಮೊದಲು ಮಾಡಿದ ಸಾಧನಗಳ ಪಟ್ಟಿಯಲ್ಲಿ ಆ ರಸೀದಿಯ ಸಂಖ್ಯೆಯನ್ನು ನಮೂದಿಸಬೇಕು.